ಹೆಸರು ಬೇಡ ಅಂದ ಮೇಡಂಗೆ

ಗ್ಲಾಕೋಮಾದಿಂದ ಕಣ್ಣು ಹೋದ ಮೇಲೆ ಆರು ತಿಂಗಳು ನಾನು ಮಂಚ ಬಿಟ್ಟು ಎದ್ದಿದ್ದೇ ಕಮ್ಮಿ. ಮನೆಯವರು ಪಾಪ, ನೀರಿನ ಲೋಟವನ್ನೂ ಕೈಗೇ ಕೊಡುತ್ತಿದ್ದರು. ಕಣ್ಣಿಲ್ಲದೆ ದಿನದ ಕೆಲಸ ಮಾಡುವುದನ್ನು ಕಲಿಸಲು ಬಂದ ನೀವು ಸಮಾಧಾನ ಹೇಳಲಿಲ್ಲ. "ಒಂದು ಕಾಫಿ ಮಾಡಿಕೊಡಿ ಸರ್" ಅಂದಿರಿ! ಸಿಟ್ಟು ಬಂದಿದ್ದು ನಿಜ. ಲೋಟದ ಅಂಚಿನೊಳಗೆ ಬೆರಳಿಟ್ಟು, ಮೊದಲು ತಣ್ಣೀರು ಸುರಿಯುವುದನ್ನು ಕಲಿಸಿದಿರಿ. ಸಕ್ಕರೆ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಉಪ್ಪಿಗೆ ಎರಡು. ನೋಟಿನ ಅಂಚಲ್ಲಿ ಉಬ್ಬು ಗೆರೆಗಳಿವೆ ಅಂತ ಅಲ್ಲಿವರೆಗೆ ನನಗೆ ಗೊತ್ತೇ ಇರಲಿಲ್ಲ. ನೂರಕ್ಕೆ 4, ಐನೂರಕ್ಕೆ 5. ಗೆರೆ ಸವೆದಿದ್ದರೆ, ಫೋನಿನಲ್ಲಿ ನೋಟು ಎಷ್ಟರದ್ದು ಅಂತ ಹೇಳುವ ರಿಸರ್ವ್ ಬ್ಯಾಂಕಿನ MANI ಆ್ಯಪ್. ಬಿಳಿ ಕೋಲು ಹಿಡಿಯಲು ನಾಚಿಕೆ ಆಗುತ್ತಿತ್ತು. ಬೀದಿ ಕೊನೆವರೆಗೂ ಹಿಂದೆಯೇ ಬಂದಿರಿ, ಕೈ ಮಾತ್ರ ಹಿಡಿಯಲಿಲ್ಲ.

ನಿನ್ನೆ ಒಬ್ಬನೇ ಹೋಗಿ ಹಾಲು ತಂದೆ, ಚಿಲ್ಲರೆ ಎಣಿಸಿಕೊಂಡೆ. ತುಂಬಾ ಥ್ಯಾಂಕ್ಸ್ ಮೇಡಂ. ಕಾಫಿಗೆ ಬನ್ನಿ, ಈ ಸಲ ಉಪ್ಪು ಹಾಕುವುದಿಲ್ಲ.