ಗೆಳೆಯನಿಗೊಂದು ಪತ್ರ: ಎರಡನೇ ಟಕ್

ಪ್ರೀತಿಯ ಗೆಳೆಯ,

ಕ್ಲಬ್ಬಿನ ಕಾರ್ಯದರ್ಶಿ ಪಟ್ಟ ಕೊನೆಗೂ ನಿನ್ನ ತಲೆಗೇ ಬಂತಂತೆ. ಸಭೆಗೆ ತಡವಾಗಿ ಹೋಗುವವರಿಗೆ ಆಗುವುದೇ ಹಾಗೆ. ಶನಿವಾರ ಎಲ್ಲರೂ ಬಂದು ಆಡುವ ಸ್ನೇಹಕೂಟ, ಭಾನುವಾರ ಪಂದ್ಯಾವಳಿ, ಎರಡನ್ನೂ ಹೇಗೆ ನಡೆಸೋದು ಅಂತ ಕೇಳಿದ್ದೀಯ. ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಹಾಗೆ ಬರೆದ ಪತ್ರಗಳಿಗೆ ನೀನು ಉತ್ತರ ಕೊಟ್ಟ ಚರಿತ್ರೆಯೇ ಇಲ್ಲ. ನಾಲ್ಕು ಜನರ ಕಣ್ಣೆದುರು ಹಾಕಿದರೆ ತಪ್ಪಿಸಿಕೊಳ್ಳಲಾರೆ. (ಓದುತ್ತಿರುವ ಉಳಿದವರಿಗೆ: ಕ್ರೋಕೆ ಅಂದರೆ ಉದ್ದ ಹಿಡಿಯ ಮ್ಯಾಲೆಟ್ಟಿನಿಂದ ಚೆಂಡು ಹೊಡೆದು, ಹುಲ್ಲಿನಲ್ಲಿ ನೆಟ್ಟ ಹೂಪ್‌ಗಳೆಂಬ ಕಬ್ಬಿಣದ ಕಮಾನುಗಳೊಳಗೆ ತೂರಿಸುವ ಆಟ. ಛತ್ರಿಯ ಸಂಗತಿ ಎಲ್ಲಾದರೂ ಬಂದರೆ ಅದು ನಮ್ಮಿಬ್ಬರದು, ಬಿಟ್ಟುಬಿಡಿ.)

ಮೊದಲು ಶನಿವಾರ. ಹೊಸಬರು ಬರುವ ದಿನ ಅಸೋಸಿಯೇಷನ್ ಕ್ರೋಕೆ ಆಡಿಸಬೇಡ. ಅದರಲ್ಲಿ ಒಬ್ಬನ ಸರದಿ ಶುರುವಾದರೆ ನಿಲ್ಲುವುದು ಅವನು ತಪ್ಪಿದಾಗಲೇ. ಬೇರೆ ಚೆಂಡಿಗೆ ತಾಗಿಸಿದರೆ ಇನ್ನೆರಡು ಹೊಡೆತ, ಹೂಪ್ ದಾಟಿದರೆ ಮತ್ತೊಂದು. ಪಳಗಿದ ಕೈ ಸಿಕ್ಕಿದರೆ ಎದುರಾಳಿ ಇಪ್ಪತ್ತು ನಿಮಿಷ ಕುರ್ಚಿಗೆ ಅಂಟಿಕೊಂಡಿರಬೇಕು. ಹೊಸಬ ಅಷ್ಟು ಹೊತ್ತು ಕೂತರೆ ಮುಂದಿನ ವಾರ ಬರುವುದಿಲ್ಲ. ಗಾಲ್ಫ್ ಕ್ರೋಕೆ ಆಡಿಸು. ಒಬ್ಬರಿಗೆ ಒಂದೇ ಹೊಡೆತ, ಆಮೇಲೆ ಮುಂದಿನವರ ಸರದಿ. ನೀಲಿ, ಕೆಂಪು, ಕಪ್ಪು, ಹಳದಿ ಚೆಂಡು, ಇದೇ ಕ್ರಮ. ನೀಲಿ-ಕಪ್ಪು ಒಂದು ಪಕ್ಷ, ಕೆಂಪು-ಹಳದಿ ಇನ್ನೊಂದು. ಕ್ರಮ ಮರೆತವರಿಗೆ ಪೆಗ್, ಅಂದರೆ ಲಾನಿನ ನಡುವೆ ನೆಟ್ಟ ಗೂಟ ತೋರಿಸು, ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ ಬಣ್ಣದ ಪಟ್ಟಿ ಬಳಿದಿರುತ್ತದೆ. (ಪೆಗ್ ಎಂದ ಕೂಡಲೇ ನಗುವವನೊಬ್ಬ ಪ್ರತಿ ಕೂಟದಲ್ಲೂ ಇರುತ್ತಾನೆ. ನಕ್ಕುಬಿಡಲಿ.) ಎಲ್ಲರೂ ಒಂದೇ ಹೂಪಿಗಾಗಿ ಆಡುತ್ತಾರೆ. ಯಾರ ಚೆಂಡು ಮೊದಲು ದಾಟಿತೋ ಆ ಪಕ್ಷಕ್ಕೆ ಅಂಕ, ಎಲ್ಲರೂ ಮುಂದಿನ ಹೂಪಿಗೆ. ಮೊದಲು ಏಳು ಅಂಕ ಮುಟ್ಟಿದವರು ಗೆದ್ದಂತೆ. 45 ನಿಮಿಷದಲ್ಲಿ ಒಂದು ಆಟ ಸಾಮಾನ್ಯವಾಗಿ ಮುಗಿಯುತ್ತದೆ.

ಜೋಡಿ ಕಟ್ಟುವಾಗ ಪಳಗಿದವರೊಬ್ಬರ ಜತೆಗೆ ಹೊಸಬರೊಬ್ಬರನ್ನು ಹಾಕು. ಆದರೆ ಪಳಗಿದವರಿಗೆ ಮೊದಲೇ ಕಿವಿಯಲ್ಲಿ ಹೇಳಿಡು: ಹೊಡೆತಕ್ಕೊಂದು ಪಾಠ ಬೇಡ. ಮೊದಲ ಆಟದಲ್ಲಿ ಹೊಸಬರಿಗೆ ಎರಡೇ ಮಾತು ಸಾಕು. ಚೆಂಡಿನ ಹಿಂದೆ ನಾಲ್ಕು ಹೆಜ್ಜೆ ಸರಿದು ಗುರಿಯ ನೇರಕ್ಕೇ ನಡೆದು ಬಾ, ಹೊಡೆದ ಮೇಲೂ ತಲೆ ಎತ್ತಬೇಡ. ಚೆಂಡು ಅಡ್ಡ ಹೋಗುವುದು ಬಹುಪಾಲು ತಲೆ ಎತ್ತುವುದರಿಂದಲೇ. ತಲೆಯ ಹಿಂದೆ ಭುಜ, ಭುಜದ ಹಿಂದೆ ಮ್ಯಾಲೆಟ್ ತಿರುಗುತ್ತದೆ. ಬಲ ಹಾಕಿ ಹೊಡೆಯುವವರಿಗೆ ಮ್ಯಾಲೆಟ್ಟಿನ ತೂಕ ನೆನಪಿಸು. ಒಂದೂಕಾಲು ಕಿಲೋ ಮೇಲೇ ಇರುವ ಅದನ್ನು ನಿಧಾನ ಹಿಂದಕ್ಕೆ ಎಳೆದು ಬಿಟ್ಟರೆ ಕೆಲಸ ಅದೇ ಮಾಡುತ್ತದೆ. ಕಾಲಲ್ಲಿ ಚಪ್ಪಟೆ ಅಟ್ಟೆಯ ಬೂಟು ಇರಬೇಕೆಂದು ಆಹ್ವಾನದಲ್ಲೇ ಬರೆದುಬಿಡು. ಹಿಮ್ಮಡಿಯ ಗುಳಿ ಬಿದ್ದ ಹುಲ್ಲಿನ ಮೇಲೆ ಭಾನುವಾರ ಚೆಂಡು ಸೊಟ್ಟ ಓಡಿದರೆ ಬೈಸಿಕೊಳ್ಳುವವನು ನೀನು.

ಈಗ ಹೂಪ್. ನಿನ್ನ ಎರಡು ದಿನಗಳ ನಡುವೆ ಇರುವ ನಿಜವಾದ ವ್ಯತ್ಯಾಸ ಇದೊಂದೇ. ಚೆಂಡಿನ ವ್ಯಾಸ 3⅝ ಅಂಗುಲ, ಅಂದರೆ 92 ಮಿಲಿಮೀಟರ್. ಸ್ನೇಹಕೂಟಕ್ಕೆ ಹೂಪಿನ ಒಳ ಅಗಲ 4 ಅಂಗುಲ ಬಿಡು, ಒಟ್ಟು 9 ಮಿಲಿಮೀಟರಿನಷ್ಟು ಸಡಿಲ ಸಿಗುತ್ತದೆ, ಓರೆಯಿಂದ ಬಂದ ಚೆಂಡೂ ಉಸಿರುಗಟ್ಟಿಕೊಂಡು ದಾಟುತ್ತದೆ. ಪಂದ್ಯಕ್ಕೆ 3¾ ಅಂಗುಲಕ್ಕೆ ಇಳಿಸು, ಉಳಿಯುವುದು ಮೂರೇ ಮಿಲಿಮೀಟರ್. ದೊಡ್ಡ ಚಾಂಪಿಯನ್‌ಶಿಪ್‌ಗಳಲ್ಲಿ ಈ ಸಡಿಲವನ್ನು ಒಂದು ಅಂಗುಲದ 32ನೇ ಒಂದು ಭಾಗಕ್ಕೆ, ಹೆಚ್ಚುಕಡಿಮೆ ಉಗುರಿನ ದಪ್ಪಕ್ಕೆ, ಇಳಿಸುವುದೂ ಉಂಟು. ನಿಮ್ಮ ಕ್ಲಬ್ಬಿನಲ್ಲಿ ಆ ಸಾಹಸ ಬೇಡ, ಭಾನುವಾರದ ಪಂದ್ಯ ಬುಧವಾರದವರೆಗೆ ನಡೆದೀತು.

ಅಗಲಕ್ಕಿಂತ ಮುಖ್ಯ ಬಿಗಿ. ನೆಲದೊಳಗೆ ಹೂತಿರುವ ದಪ್ಪ ಕಾಲುಗಳಿಗೆ ಕ್ಯಾರೆಟ್ ಅಂತಲೇ ಹೆಸರು. ಅದರ ಸುತ್ತ ಮಣ್ಣು ಒಣಗಿ ಬಿರುಕುಬಿಟ್ಟರೆ ಹೂಪ್ ಅಲ್ಲಾಡುತ್ತದೆ, ತಾಗಿದ ಚೆಂಡಿಗೆ ದಾರಿ ಬಿಟ್ಟುಕೊಡುತ್ತದೆ. ಆಗ ಅಗಲ ಅಳೆಯುವ ಗೇಜ್ ಎಷ್ಟು ತೋರಿಸಿದರೂ ಸುಳ್ಳೇ. ಹಳೇ ಗುಳಿಯಲ್ಲೇ ಮತ್ತೆ ಮತ್ತೆ ಗುದ್ದಿ ಕೂರಿಸಿದರೆ ಗುಳಿ ಅಗಲವಾಗುತ್ತದೆಯೇ ಹೊರತು ಬಿಗಿ ಬರುವುದಿಲ್ಲ. ಒಂದು ಅಡಿ ಆಚೆಗೆ ಹೊಸ ಗುಳಿ ತೆಗೆ, ಆರೂ ಹೂಪುಗಳನ್ನು ಅದೇ ದಿಕ್ಕಿಗೆ ಅಷ್ಟೇ ಸರಿಸು, ಪೆಗ್ಗನ್ನೂ ಗಡಿರೇಖೆಯನ್ನೂ ಸರಿಸು. 35 ಗಜ ಉದ್ದ, 28 ಗಜ ಅಗಲದ ಲಾನಿನಲ್ಲಿ ಮೂಲೆಯ ಹೂಪುಗಳು ಎರಡೂ ಗಡಿಯಿಂದ ಏಳೇಳು ಗಜ, ನಡುವಿನ ಎರಡು ಹೂಪುಗಳು ಪೆಗ್ಗಿನಿಂದ ಆಚೆ ಈಚೆ ಏಳೇಳು ಗಜ. ಏಳು ಗಜದ ಒಂದು ಹಗ್ಗ ಇದ್ದರೆ ಅರ್ಧ ಕೆಲಸ ಆದಂತೆ. ಕೂರಿಸಿದ ಮೇಲೆ ದಾರ ಎಳೆದು ಸಾಲು ನೋಡು, ಎಲ್ಲ ಹೂಪುಗಳೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಕಮಾನಿನ ತಲೆ ನೀಲಿ ಇರುವುದು ಮೊದಲ ಹೂಪ್, ಕೆಂಪು ಇರುವುದು ಐದನೆಯದು. ಅದಲುಬದಲು ಮಾಡಿಟ್ಟವನ ಹೆಸರು ನಾನಿಲ್ಲಿ ಹೇಳುವುದಿಲ್ಲ.

ಭಾನುವಾರದ ಲೆಕ್ಕ ಸುಲಭ. ಎಂಟು ಜನ, ಎರಡು ಲಾನು ಅಂದುಕೋ. ಒಂದೊಂದು ಲಾನಿನಲ್ಲಿ ಎರಡು ಆಟ ಒಟ್ಟಿಗೆ ನಡೆಸಬಹುದು, ಎರಡನೆಯದಕ್ಕೆ ಹಸಿರು, ಗುಲಾಬಿ, ಕಂದು, ಬಿಳಿ ಚೆಂಡು. ಎಲ್ಲರೂ ಎಲ್ಲರೊಡನೆ ಆಡಿದರೆ 28 ಆಟ. ಒಮ್ಮೆಗೆ ನಾಲ್ಕರಂತೆ ಏಳು ಸುತ್ತು, ಸುತ್ತಿಗೆ 45 ನಿಮಿಷ, ಐದೂಕಾಲು ಗಂಟೆ. ಅದು ಕಾಗದದ ಮೇಲಿನ ಲೆಕ್ಕ. ಲಾನಿನ ಮೇಲೆ ಆರೂವರೆ ಗಂಟೆ ಇಟ್ಟುಕೋ. ಒಂದೇ ಲಾನಿನ ಎರಡು ಆಟಗಳು ಒಂದೇ ಹೂಪಿನ ಮುಂದೆ ಮುಖಾಮುಖಿಯಾಗುತ್ತವೆ, ಯಾರೋ ಒಬ್ಬರು ಕಾಯಬೇಕು, ಅಡ್ಡ ಬಂದ ಚೆಂಡಿಗೆ ಗುರುತು ಹಾಕಿ ಎತ್ತಬೇಕು. ಇದೆಲ್ಲ ಸಮಯ ತಿನ್ನುತ್ತದೆ. ಜಾಸ್ತಿ ಅನ್ನಿಸಿದರೆ ನಾಲ್ಕು ನಾಲ್ಕರ ಎರಡು ಗುಂಪು ಮಾಡು: ಮೂರು ಸುತ್ತು, ಆಮೇಲೆ ಸೆಮಿಫೈನಲ್, ಫೈನಲ್. ನೇರ ನಾಕೌಟ್ ಮಾತ್ರ ಬೇಡ, ಅರ್ಧ ಜನ ಒಂದೇ ಆಟ ಆಡಿ ಮನೆಗೆ ಹೋಗುತ್ತಾರೆ. ನಾಕೌಟೇ ಬೇಕು ಅನ್ನುವವರಿದ್ದರೆ ಕ್ರೋಕೆಯದೇ ಒಂದು ಹಳೇ ಉಪಾಯ ಇದೆ, ಡ್ರಾ ಮತ್ತು ಪ್ರೋಸೆಸ್. ಅದೇ ಆಟಗಾರರನ್ನು ಎರಡು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಎರಡು ನಾಕೌಟ್ ನಡೆಸುವುದು. ಒಂದರಲ್ಲಿ ಸೋತವನಿಗೆ ಇನ್ನೊಂದರಲ್ಲಿ ಜೀವ ಇರುತ್ತದೆ, ಎರಡನ್ನೂ ಬೇರೆ ಬೇರೆಯವರು ಗೆದ್ದರೆ ಅವರಿಬ್ಬರಿಗೆ ಕೊನೆಯ ಪಂದ್ಯ.

ಹಿರಿಯರು ಅಸೋಸಿಯೇಷನ್ನೇ ಆಡುತ್ತೇವೆ ಅಂತ ಹಠ ಹಿಡಿದರೆ ಅವರಿಗೊಂದು ಲಾನು ಬಿಟ್ಟುಕೊಟ್ಟು ಮೂರು ಗಂಟೆಯ ಮಿತಿ ಹಾಕು. ಹ್ಯಾಂಡಿಕ್ಯಾಪ್ (ಕೈ ಪಳಗಿದಷ್ಟೂ ಇಳಿಯುವ ಅಂಕಿ) 14 ಇರುವವರು 6 ಇರುವವರ ಎದುರು ಆಡಿದರೆ ಎಂಟು ಬಿಸ್ಕ್, ಅಂದರೆ ಎಂಟು ಹೆಚ್ಚುವರಿ ಸರದಿ. ಲಾನಿನ ಪಕ್ಕ ಎಂಟು ಬಿಳಿ ಕಡ್ಡಿ ನೆಟ್ಟು, ಬಳಸಿದಂತೆಲ್ಲ ಒಂದೊಂದನ್ನೇ ಕಿತ್ತುಹಾಕಬೇಕು. ಇವುಗಳನ್ನು ಕಷ್ಟಕಾಲಕ್ಕೆ ಅಂತ ಕೂಡಿಡುವವರೇ ಜಾಸ್ತಿ, ಸೋಲುವವರೂ ಅವರೇ. ಮೊದಲ ಅರ್ಧ ಗಂಟೆಯಲ್ಲೇ ಎರಡು ಮೂರು ಖರ್ಚು ಮಾಡಿ ನಾಲ್ಕೂ ಚೆಂಡನ್ನು ಬೇಕಾದ ಕಡೆ ಕೂರಿಸಿಕೊಂಡರೆ, ಸಾಲಾಗಿ ನಾಲ್ಕೈದು ಹೂಪ್ ದಾಟಬಹುದು. ಗಂಟುಕಟ್ಟಿಟ್ಟ ಕಡ್ಡಿ ಮೂರು ಗಂಟೆ ಮುಗಿದಾಗ ಕಡ್ಡಿಯಾಗಿಯೇ ಉಳಿಯುತ್ತದೆ.

ಇಷ್ಟೇ ಬರೆದು ಸಹಿ ಹಾಕಬೇಕು ಅಂದುಕೊಂಡಿದ್ದೆ. ಆದರೆ ನೀನು ಕೊನೆಯಲ್ಲಿ ಕೇಳಿದೆಯಲ್ಲ, ರೆಫ್ರಿ ಎಷ್ಟು ಜನ ಬೇಕು ಅಂತ. ಒಬ್ಬರು ಸಾಕು, ಅವರೂ ಕರೆದಾಗ ಬಂದರೆ ಸಾಕು. ಉಳಿದ ಹೊತ್ತೆಲ್ಲ ಆಡುವವರೇ ರೆಫ್ರಿ. ತನ್ನ ತಪ್ಪನ್ನು ತಾನೇ ಕೂಗಿ ಹೇಳಬೇಕು. ಈ ಆಟದ ನಿಯಮ ಪುಸ್ತಕ ನಿಂತಿರುವುದು ಅದರ ಮೇಲೇ. ಕಷ್ಟದ ಹೊಡೆತ ಎದುರಾದರೆ ಮ್ಯಾಲೆಟ್ ಎತ್ತುವ ಮೊದಲೇ ಕೈ ಎತ್ತಿ ರೆಫ್ರಿಯನ್ನು ಕರೆಯಬೇಕು, ಹೊಡೆದಾದ ಮೇಲೆ ಅವರು ಬಂದು ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಗಾಲ್ಫ್ ಕ್ರೋಕೆಯಲ್ಲಿ ಇಂಥ ಹೊಡೆತ ಹೂಪಿನ ಬಾಯಲ್ಲೇ ಬರುತ್ತದೆ. ಎದುರಾಳಿಯ ಚೆಂಡು ಹೂಪಿನ ಮುಂದೆ, ನಿನ್ನ ಚೆಂಡು ಅದರಿಂದ ಎರಡೇ ಅಂಗುಲ ಹಿಂದೆ. ಅದನ್ನು ಓಡಿಸಬೇಕು. ನೇರ ಜೋರಾಗಿ ಹೊಡೆದರೆ ಏನಾಗುತ್ತದೆ ನೋಡು: ಎರಡೂ ಒಂದೇ ತೂಕದವು, ಹಿಂದಿನ ಚೆಂಡು ಮುಂದಿನದಕ್ಕೆ ತನ್ನ ವೇಗವನ್ನೆಲ್ಲ ಕೊಟ್ಟು ಅಲ್ಲೇ ಬಳಲಿ ನಿಲ್ಲುತ್ತದೆ. ಆದರೆ ಮ್ಯಾಲೆಟ್ ಇನ್ನೂ ಮುಂದಕ್ಕೆ ಬರುತ್ತಲೇ ಇರುತ್ತದೆ, ನಿಂತ ಚೆಂಡಿಗೆ ಮತ್ತೊಮ್ಮೆ ತಾಗುತ್ತದೆ. ಡಬಲ್ ಟ್ಯಾಪ್. ತಪ್ಪು. ತಿಳಿಯುವುದು ಎರಡು ರೀತಿಯಲ್ಲಿ. ಒಂದು, ಹಿಂದಿನ ಚೆಂಡು ನಿಲ್ಲದೆ ಮುಂದಿನದರ ಬೆನ್ನಿಗೇ ದೂರ ಓಡುತ್ತದೆ. ಎರಡು, ಕಿವಿ. ಟಕ್ ಅನ್ನಬೇಕಾದ್ದು ಟ-ಟಕ್ ಅನ್ನುತ್ತದೆ. ತಪ್ಪಿಸುವುದಕ್ಕೆ ಮ್ಯಾಲೆಟ್ಟಿನ ಹಿಂಬದಿ ತಗ್ಗಿಸಿ, ಮುಂಬದಿ ಸ್ವಲ್ಪ ಎತ್ತಿ, ಹಿಡಿ ಸಡಿಲ ಬಿಟ್ಟು, ತಾಗಿದ ಕ್ಷಣವೇ ತಡೆದುಬಿಡಬೇಕು. ಇಲ್ಲವೇ ನೇರ ಹೊಡೆಯದೆ ಅಂಚಿಗೆ ಸವರಬೇಕು. ಅಂತರ ಒಂದು ಅಂಗುಲಕ್ಕಿಂತ ಕಡಿಮೆ ಇದ್ದರೆ ಬುದ್ಧಿವಂತರು ಬೇರೆ ಹೊಡೆತ ಹುಡುಕುತ್ತಾರೆ.

ಶನಿವಾರ ಇದನ್ನು ಯಾರೂ ಗಮನಿಸುವುದಿಲ್ಲ. ಟ-ಟಕ್ ಅಂದರೆ ನಗುತ್ತಾರೆ, "ನನ್ನದೇ ತಪ್ಪು" ಅಂತ ಮೊದಲು ಕೂಗುವವರೇ ಅಂದಿನ ದೊಡ್ಡ ಮನುಷ್ಯರು. ಭಾನುವಾರ ಅದೇ ಜನ, ಅದೇ ಹುಲ್ಲು. ಆರು-ಆರು ಅಂಕ, ಹದಿಮೂರನೆಯ ಹೂಪ್, ಅಂದರೆ ಮತ್ತೆ ಮೂರನೆಯದು. ಎದುರಾಳಿ ಇಪ್ಪತ್ತು ಗಜ ಆಚೆ ತನ್ನ ಇನ್ನೊಂದು ಚೆಂಡಿನ ಹತ್ತಿರ ನಿಂತಿರುತ್ತಾನೆ. ಅವನಿಗೆ ಸದ್ದು ಕೇಳಿಸುವುದಿಲ್ಲ. ಆಟಗಾರನಿಗೆ ಕೇಳಿಸುತ್ತದೆ. ಅಷ್ಟೇ ಅಲ್ಲ, ಹಿಡಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಎರಡನೇ ಪೆಟ್ಟು ಸಣ್ಣಗೆ ಕಚಗುಳಿ ಇಟ್ಟ ಹಾಗೆ ಗೊತ್ತಾಗುತ್ತದೆ. ಎದುರಾಳಿ ಕೂಗಿ ಕೇಳುತ್ತಾನೆ, "ಸರಿ ಇತ್ತಾ?" ಆಟಗಾರ ಹೇಳುತ್ತಾನೆ, "ಸರಿ ಇತ್ತು."

ಆಟಗಾರ ಅಂತ ಎಷ್ಟು ಹೊತ್ತು ಬರೆಯಲಿ ಮಾರಾಯ. ನಾನೇ ಹೇಳಿದ್ದು.

ನಿಜ ಹೇಳಿದ್ದರೆ ಏನಾಗುತ್ತಿತ್ತು? ಚೆಂಡುಗಳನ್ನು ಇದ್ದಲ್ಲೇ ಬಿಡಬೇಕೋ, ಹಿಂದಿನ ಜಾಗಕ್ಕೆ ತಂದಿಡಬೇಕೋ ಅಂತ ಅವನು ಆರಿಸಿಕೊಳ್ಳುತ್ತಿದ್ದ, ಆಮೇಲೆ ಅವನ ಸರದಿ. ಬಹುಶಃ ಸೋಲುತ್ತಿದ್ದೆ. ಮತ್ತೇನೂ ಇಲ್ಲ. ಸುಳ್ಳು ಹೇಳಿದ್ದು ನನ್ನನ್ನು ಕಾಡುತ್ತಿಲ್ಲ, ಅಥವಾ ಅಷ್ಟಾಗಿ ಕಾಡುತ್ತಿಲ್ಲ. ಎಷ್ಟು ಸಲೀಸಾಗಿ ಬಂತಲ್ಲ ಅದು, ಅದು ಕಾಡುತ್ತಿದೆ. ನನ್ನ ಮಾತೇ ತೀರ್ಪು ಅನ್ನುವ ಆಟದಲ್ಲಿ ಇಷ್ಟು ವರ್ಷ ತಪ್ಪು ಒಪ್ಪಿಕೊಂಡದ್ದೆಲ್ಲ ಸೋಲುಗೆಲುವಿಗೆ ಸಂಬಂಧವಿಲ್ಲದ ಕಡೆಯೇ ಇದ್ದಿರಬೇಕು. ನಾಲ್ಕು ಅಂಗುಲದ ಹೂಪಿನಲ್ಲಿ ಯಾರು ಬೇಕಾದರೂ ನೇರ ಹೋಗಬಹುದು. ಮೂರು ಮಿಲಿಮೀಟರ್ ಉಳಿದಾಗ ನಾನು ಕಬ್ಬಿಣಕ್ಕೆ ತಾಗಿದೆ.

ಸರಿ, ಸರಿ, ಸಾಕು. ಓದುತ್ತಿರುವವರು ಕರವಸ್ತ್ರ ಹುಡುಕುವುದು ಬೇಡ. ವಿಂಬಲ್ಡನ್ ಕ್ಲಬ್ಬನ್ನು 1868ರಲ್ಲಿ ಕಟ್ಟಿದ್ದು ಕ್ರೋಕೆಗಾಗಿ. ಒಂಬತ್ತೇ ವರ್ಷಕ್ಕೆ, 1877ರಲ್ಲಿ, ಅಲ್ಲಿ ಟೆನಿಸ್ ಚಾಂಪಿಯನ್‌ಶಿಪ್ ಶುರುವಾಯಿತು. ಆಮೇಲೆ ಕ್ರೋಕೆ ಅಂಗಳದಿಂದ ಹಿಂದೆ ಸರಿಯಿತು, 1882ರಲ್ಲಿ ಹೆಸರಿನಿಂದಲೂ ಬಿತ್ತು. 1899ರಲ್ಲಿ ಹೆಸರಿಗೆ ಮರಳಿತು, ಟೆನಿಸ್ಸಿನ ಹಿಂದೆ. ಟೆನಿಸ್ಸಿನಲ್ಲಾದರೆ ಎತ್ತರದ ಕುರ್ಚಿಯ ಮೇಲೆ ಅಂಪೈರ್ ಕೂತಿರುತ್ತಾರೆ, ಆಟಗಾರ ಅವರ ಮೇಲೆ ಕೂಗಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದು. ನಾನು ಯಾರ ಮೇಲೆ ಕೂಗಾಡಲಿ? ಮೊನ್ನೆ ಕನ್ನಡಿಯೆದುರು ಪ್ರಯತ್ನಿಸಿದೆ, ಹಲ್ಲುಜ್ಜುವ ಬ್ರಷ್ ಬಾಯಲ್ಲಿತ್ತು, ಗಾಂಭೀರ್ಯ ಬರಲಿಲ್ಲ.

ಆ ಪಂದ್ಯದಲ್ಲಿ ಗೆದ್ದದ್ದು ಒಂದು ಬಹುಮಾನದ ಕಪ್. ಅದಕ್ಕೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಫ್ಯಾನ್ ಹಾಕಿದರೆ ಟ-ಟಕ್ ಅನ್ನುತ್ತದೆ. ನಾನು ಕಥೆ ಕಟ್ಟುತ್ತಿದ್ದೇನೆ ಅಂತ ನೀನು ಹೇಳುತ್ತೀ, ಬಂದು ಕೇಳು. ಎದುರಾಳಿ ಯಾರು ಅಂತ ಮಾತ್ರ ಇಲ್ಲಿ ಕೇಳಬೇಡ. ಅವನೂ ಇದನ್ನು ಓದುತ್ತಾನೆ, ಮುಂದಿನ ತಿಂಗಳು ನಾವಿಬ್ಬರೂ ಒಂದೇ ಜೋಡಿ.

ಹೂಪ್ ಗೇಜ್ ನಿನ್ನ ಹತ್ತಿರವೇ ಇದೆ, ಎರಡು ವರ್ಷದಿಂದ. ಅಳತೆ ಮುಗಿದ ಮೇಲೆ ವಾಪಸ್ ಕಳಿಸು.

ನಿನ್ನ,
ಮೂರನೇ ಕುರ್ಚಿ

ಮರೆತಿದ್ದೆ: ಛತ್ರಿ ನನ್ನದೇ. ಇವತ್ತು ಒಪ್ಪಿಕೊಳ್ಳುವ ಉಮೇದು ಇದೆ, ಆದ್ದರಿಂದ ಅದನ್ನೂ ಹೇಳಿಬಿಟ್ಟೆ.