ಲ್ಯಾಪ್‌ಟಾಪ್ ಗುಜರಿಗೆ ಹೋಗಲಿ, ಡಿಸ್ಕ್ ಮನೆಯಲ್ಲಿರಲಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತು. ಮನೆಮನೆಯಲ್ಲೂ ಅಟ್ಟ ಗುಡಿಸುವ ಕೆಲಸ ಶುರುವಾಗಿದೆ. ನಮ್ಮ ಬೀದಿಗೆ ಗುಜರಿ ಗಾಡಿ ಈಗ ದಿನಕ್ಕೆ ಎರಡು ಸಲ ಬರುತ್ತದೆ. ಮೊದಲೆಲ್ಲ ಹಳೇ ಪೇಪರ್, ತಗಡು, ಒಡೆದ ಕೊಡ ಹೋಗುತ್ತಿದ್ದವು. ಈಗ ಅವುಗಳ ಜೊತೆ ಕೀಬೋರ್ಡು, ಸೆಟ್‌ಟಾಪ್ ಬಾಕ್ಸು, ಲ್ಯಾಪ್‌ಟಾಪು ಎಲ್ಲವೂ ಹೋಗುತ್ತಿವೆ. ಮೊನ್ನೆ ಒಂದು ಲ್ಯಾಪ್‌ಟಾಪನ್ನು ಕಬ್ಬಿಣದ ಹಾಗೆ ತಕ್ಕಡಿಗೆ ಹಾಕಿ ತೂಗುತ್ತಿದ್ದರು. ಒಳಗಿನ ಹಾರ್ಡ್ ಡಿಸ್ಕ್, ಅಂದರೆ ಫೋಟೊ, ಫೈಲು ಎಲ್ಲ ಉಳಿಯುವ ಭಾಗ, ತೆಗೆದುಕೊಂಡಿರಾ ಅಂತ ಕೊಟ್ಟವರನ್ನು ಕೇಳಿದೆ. "ಎಲ್ಲಾ ಹೋಗಿದೆ ಬಿಡಿ, ಆನೇ ಆಗಲ್ಲ" ಅಂದರು. ಆ ಮಾತು ಕೇಳಿಯೇ ಈ ಪತ್ರ ಬರೆಯಲು ಕೂತೆ.

ನಾನು ಸಾಗರದಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್, ಟಿವಿ ರಿಪೇರಿ ಮಾಡುವವನು. ಅಂಗಡಿ ಇಟ್ಟು 34 ವರ್ಷ ಆಯಿತು. ಕಂಪ್ಯೂಟರ್ ಕಲಿತದ್ದು ತಡವಾಗಿ, ಮಗಳಿಂದ. ಆನ್ ಆಗದ ಲ್ಯಾಪ್‌ಟಾಪಿನಲ್ಲಿ ಕೆಟ್ಟಿರುವುದು ಬಹಳ ಸಲ ಬೋರ್ಡು, ಇಲ್ಲವೇ ಪರದೆ, ಬ್ಯಾಟರಿ. ಡಿಸ್ಕ್ ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಎತ್ತಿನಗಾಡಿಯ ಅಚ್ಚು ಮುರಿಯಿತು ಅಂತ ಎತ್ತನ್ನೂ ಯಾರೂ ಬಿಟ್ಟು ಬರುವುದಿಲ್ಲ, ಅಲ್ವಾ?

ನನ್ನ ಮಗಳು ಇಂಜಿನಿಯರಿಂಗ್ ಸೇರಿದ್ದು 2010ರಲ್ಲಿ. ಆಗ ಕೊಂಡ ಲ್ಯಾಪ್‌ಟಾಪ್ ಒಂದು ಮಳೆಗಾಲ ಸಿಡಿಲಿಗೆ ಸಿಕ್ಕಿತು. ಚಾರ್ಜಿಗೆ ಹಾಕಿಟ್ಟಿದ್ದೆವು, ಬೋರ್ಡ್ ಸುಟ್ಟುಹೋಯಿತು. ಹಿಂದಿನ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ಡಿಸ್ಕನ್ನು ಪಕ್ಕಕ್ಕೆ ಜಾರಿಸಿದರೆ ಕೈಗೇ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಏಳು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದ, ತೂಕ ಹೆಚ್ಚೆಂದರೆ 100 ಗ್ರಾಂ. ಅದರಲ್ಲಿ 320 ಜಿಬಿ ಜಾಗ. 1956ರಲ್ಲಿ ಐಬಿಎಂನವರು ಮೊಟ್ಟಮೊದಲ ಹಾರ್ಡ್ ಡಿಸ್ಕ್ ಮಾಡಿದಾಗ ಅದರೊಳಗೆ ಎರಡಡಿ ಅಗಲದ 50 ತಟ್ಟೆಗಳಿದ್ದವು. ಎರಡು ಫ್ರಿಜ್ ಪಕ್ಕಪಕ್ಕ ಇಟ್ಟಷ್ಟು ದೊಡ್ಡದು. ಇಷ್ಟಾಗಿ ಅದು ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಈಗಿನ ಒಂದು ಹಾಡಿನ ಫೈಲಿನಷ್ಟು. ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ಜನರ ಬುದ್ಧಿ, ಎಷ್ಟು ವರ್ಷದ ದುಡಿಮೆ ಬೇಕಾಯಿತು! ಅದನ್ನು ಕಿಲೋ ಲೆಕ್ಕದಲ್ಲಿ ಕೊಡಲು ನನಗೆ ಮನಸ್ಸು ಬರಲಿಲ್ಲ.

ಡಿಸ್ಕನ್ನು ಒಳಗಿಟ್ಟು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ, ಯುಎಸ್‌ಬಿ ಕೇಸ್ ಒಂದನ್ನು 350 ರೂಪಾಯಿ ಕೊಟ್ಟು ತರಿಸಿದೆ. ಇಂಥ ಚಿಕ್ಕ ಡಿಸ್ಕಿಗೆ 5 ವೋಲ್ಟ್ ಸಾಕು. ಹಾಗಾಗಿ ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿ ವಯರಿನಲ್ಲೇ ಕರೆಂಟ್ ಬರುತ್ತದೆ. ಕಂಪ್ಯೂಟರಿಗೆ ಚುಚ್ಚಿದೆ. ಸಣ್ಣಗೆ ಗುಂಯ್ ಅಂತ ತಿರುಗಿತು. ಮಗಳ ನಾಲ್ಕು ವರ್ಷದ ನೋಟ್ಸು, ಹಾಸ್ಟೆಲ್ಲಿನ ಫೋಟೊಗಳು, ಎಲ್ಲ ಇದ್ದ ಹಾಗೇ ಇದ್ದವು. ಅವನ್ನು ಅವಳ ಹೊಸ ಕಂಪ್ಯೂಟರಿಗೆ ಹಾಕಿ ಕೊಟ್ಟೆ. ಆಮೇಲೆ ಖಾಲಿ ಡಿಸ್ಕ್ ನನ್ನ ಮುಂದೆ ಕೂತಿತ್ತು. ಇದಕ್ಕೆ ಏನು ಕೆಲಸ ಕೊಡಲಿ?

ಕೆಲಸ ಮನೆಯಲ್ಲೇ ಕಾಯುತ್ತಿತ್ತು. ನಮ್ಮಪ್ಪನಿಗೆ ತಾಳಮದ್ದಳೆಯ ಹುಚ್ಚು. 1982ರಿಂದ ಸುಮಾರು 1999ರವರೆಗೆ ಎಲ್ಲೇ ಕೂಟ ಇರಲಿ, ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಹೀಗೆ ಸೇರಿದ್ದು 142 ಕ್ಯಾಸೆಟ್, ಎಲ್ಲವೂ 90 ನಿಮಿಷದವು. ದೊಡ್ಡ ಹೆಸರಿನ ಅರ್ಥಧಾರಿಗಳ ಮಾತುಗಾರಿಕೆ ಎಲ್ಲಾದರೂ ಸಿಗುತ್ತದೆ. ಆದರೆ ನಮ್ಮ ಸೀಮೆಯ ಹವ್ಯಾಸಿಗಳು, ಹಗಲು ಅಡಿಕೆ ಸುಲಿದು ರಾತ್ರಿ ಕರ್ಣನೋ ವಾಲಿಯೋ ಆಗುತ್ತಿದ್ದವರು, ಅವರ ದನಿ ಈ ಡಬ್ಬಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮಲೆನಾಡಿನ ಥಂಡಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಟೇಪನ್ನು ದನಿ ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡು ಎಷ್ಟೋ ಕ್ಯಾಸೆಟ್ಟಿನಲ್ಲಿ ಉದುರಿಹೋಗಿತ್ತು. ಬೇಡದ ಕ್ಯಾಸೆಟ್ಟುಗಳ ಪ್ಯಾಡ್ ಕಿತ್ತು ಇದಕ್ಕೆ ಹಾಕಿದೆ. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ದನಿ ಸ್ವಚ್ಛ ಆಗುವ ಜಾಗ ಹುಡುಕಬೇಕು. ಆಮೇಲೆ ಟೇಪ್‌ರೆಕಾರ್ಡರಿನ ವಯರನ್ನು ಕಂಪ್ಯೂಟರಿನ ಲೈನ್ ಇನ್‌ಗೆ ಕೊಟ್ಟು, ಅಡಾಸಿಟಿ ಅನ್ನುವ ಉಚಿತ ಪ್ರೋಗ್ರಾಮಿನಲ್ಲಿ ತುಂಬಿಸುವುದು. ಒಂದೂವರೆ ಗಂಟೆಯ ಕ್ಯಾಸೆಟ್ಟಿಗೆ ಒಂದೂವರೆ ಗಂಟೆಯೇ ಬೇಕು. ಅವಸರ ಮಾಡುವ ಹಾಗಿಲ್ಲ. ಪ್ರತಿ ಬದಿ ಮುಗಿಯುವ ಮುಂಚೆ ಅಪ್ಪ ಮೆಲ್ಲಗೆ "ಸೈಡ್ ಮುಗೀತು" ಅನ್ನುತ್ತಿದ್ದರು. ಅದೂ ದಾಖಲಾಗಿದೆ. ಅವರು ಹೋಗಿ ಒಂಬತ್ತು ವರ್ಷ. ಅಂಗಡಿಯಲ್ಲಿ ಒಬ್ಬನೇ ಕೂತು ಕೇಳುವಾಗ ಆ ಎರಡು ಮಾತು ಬಂದಾಗೆಲ್ಲ ಕೈಲಿದ್ದ ಸೋಲ್ಡರಿಂಗ್ ಕಡ್ಡಿ ಕೆಳಗಿಡುತ್ತಿದ್ದೆ.

ಈ ಟೇಪು ಇನ್ನೊಂದು ಸಲ ಓಡುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ದನಿಯನ್ನು ಕುಗ್ಗಿಸದೆ ಪೂರ್ತಿ ಗಾತ್ರದಲ್ಲೇ ಇಟ್ಟೆ. ಹಾಗೆ ಇಟ್ಟರೆ ಗಂಟೆಗೆ 635 ಎಂಬಿ ಬೇಕು. 142ರಲ್ಲಿ 131 ಕ್ಯಾಸೆಟ್ ಮುಗಿದಾಗ ಸುಮಾರು 125 ಜಿಬಿ ಆಯಿತು. ಗೂಗಲ್ಲಿನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. ನಮ್ಮ ಕಡೆಯ ಕರೆಂಟು, ನೆಟ್‌ವರ್ಕು ನಿಮಗೆ ಗೊತ್ತೇ ಇದೆ. ಪೆನ್‌ಡ್ರೈವ್ ಜೇಬಿನಿಂದ ಎಲ್ಲಿ ಜಾರುತ್ತದೋ ಹೇಳಲಾಗದು. ಗುಜರಿಗೆ ಹೋಗಬೇಕಿದ್ದ ಡಿಸ್ಕ್ ಇಷ್ಟನ್ನೂ ಹೊತ್ತುಕೊಂಡು ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಉಳಿಯಿತು.

ಹೀಗೆ ಮಾಡುವ ಮನಸ್ಸಿರುವವರಿಗೆ ನನ್ನ ಅನುಭವದ ಒಂದೆರಡು ಮಾತು. ಡಿಸ್ಕ್ ತಿರುಗುವಾಗ ಟಿಕ್ ಟಿಕ್ ಅಂತ ಒಂದೇ ಸಮ ಸದ್ದು ಬಂದರೆ ಅದರ ಮೇಲೆ ಆಸೆ ಬಿಡಿ. ಸದ್ದಿಲ್ಲದಿದ್ದರೂ ಸುಮ್ನೆ ನಂಬಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಇದೆ. ಡಿಸ್ಕ್ ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳು) ಹಾಳಾಗಿ ಬದಲಾಗಿವೆ ಅಂತ ಅದು ತೋರಿಸುತ್ತದೆ. ನನ್ನದು 7,412 ಗಂಟೆ ಓಡಿತ್ತು, ಹಾಳಾದ ಸೆಕ್ಟರ್ ಒಂದೂ ಇರಲಿಲ್ಲ. ಹಾಳಾದ ಸೆಕ್ಟರುಗಳ ಸಂಖ್ಯೆ ವಾರ ವಾರ ಏರುತ್ತಿದ್ದರೆ ಅಂಥ ಡಿಸ್ಕಿನಲ್ಲಿ ಮುಖ್ಯವಾದದ್ದು ಏನೂ ಇಡಬಾರದು. ಕೇಸ್ ಕೊಳ್ಳುವ ಮುಂಚೆ ಡಿಸ್ಕಿನ ಬಾಯಿ ನೋಡಿಕೊಳ್ಳಿ. ಎರಡು ಸಾಲಿನಲ್ಲಿ ಸೂಜಿಯಂಥ 44 ಪಿನ್ ಇದ್ದರೆ ಅದು ಹಳೇ ಐಡಿಇ. ಚಪ್ಪಟೆ ಬಾಯಿ ಇದ್ದರೆ ಸಾಟಾ. ಎರಡಕ್ಕೂ ಕೇಸ್ ಬೇರೆ ಬೇರೆ. ಈಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ತಿರುಗುವ ಡಿಸ್ಕೇ ಇರುವುದಿಲ್ಲ, ಚಿಪ್ಪಿನಲ್ಲೇ ಎಲ್ಲ ಉಳಿಸಿಕೊಳ್ಳುವ, ಉದ್ದ ಪಟ್ಟಿಯಂಥ ಎಸ್‌ಎಸ್‌ಡಿ ಇರುತ್ತದೆ. ಅದಕ್ಕೂ ಕೇಸ್ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು, ಹಳೇ ಡಿಸ್ಕ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ನಾನು ಇನ್ನೊಂದು ಹಳೇ ಡಿಸ್ಕಿಗೆ ಅಷ್ಟನ್ನೂ ನಕಲು ಮಾಡಿ ಶಿರಸಿಯಲ್ಲಿರುವ ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಎರಡೂ ಸ್ಟೀಲ್ ಡಬ್ಬಿಯಲ್ಲಿವೆ, ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಪೊಟ್ಟಣಗಳು. ಮೂರು ತಿಂಗಳಿಗೊಮ್ಮೆ ತೆಗೆದು ಓಡಿಸಿ ನೋಡುತ್ತೇವೆ.

ಈಗ ಒಂದು ದುಃಖದ ಸಂಗತಿ. ಆ ಎರಡನೇ ಡಿಸ್ಕ್ ಹುಡುಕಲು ಹೋಗಿ ದೊಡ್ಡ ಊರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಮೂರು ಡಿಸ್ಕ್ ಕೊಂಡೆ. ಒಂದೊಂದಕ್ಕೆ 150 ರೂಪಾಯಿ. ಮನೆಗೆ ತಂದು ಚುಚ್ಚಿದರೆ ಒಂದರಲ್ಲಿ ಯಾರದೋ ಇಡೀ ಸಂಸಾರ. ಮದುವೆ ಫೋಟೊ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಯಾರೂ ಅಳಿಸಿರಲಿಲ್ಲ. ಅಂಗಡಿಯವರನ್ನು ಕೇಳಿದರೆ ಎಲ್ಲಿಂದ ಬಂತೋ ಗೊತ್ತಿಲ್ಲ ಅಂದರು. ಮಾಲೀಕರನ್ನು ಹುಡುಕಬೇಕಾದರೆ ಅವರ ಕಾಗದಪತ್ರ ಓದಬೇಕು. ಅದು ನನಗೆ ಸರಿ ಕಾಣಲಿಲ್ಲ. ಎರಡು ದಿನ ಹಾಗೇ ಇಟ್ಟುಕೊಂಡು, ಕೊನೆಗೆ ಪೂರ್ತಿ ಅಳಿಸಿದೆ. ಆ ಮಗುವಿನ ವಿಡಿಯೊ ಅವರ ಹತ್ತಿರ ಇನ್ನೊಂದು ಕಡೆ ಇರಲಿ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

ಇದು ಹೇಗಾಗುತ್ತದೆ ಅಂದರೆ, ವೇಗ ಜಾಸ್ತಿ ಆಗಲಿ ಅಂತ ಜನ ಅಂಗಡಿಗೆ ಹೋಗಿ ಎಸ್‌ಎಸ್‌ಡಿ ಹಾಕಿಸುತ್ತಾರೆ. ಹಳೇ ಡಿಸ್ಕ್ ಅಂಗಡಿಯಲ್ಲೇ ಉಳಿಯುತ್ತದೆ. ಇವರು ಕೇಳುವುದಿಲ್ಲ, ಅವರು ಕೊಡುವುದಿಲ್ಲ. ರಿಪೇರಿ ಅಂಗಡಿಯ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ತೆಗೆದ ಡಿಸ್ಕನ್ನು ಕವರಿಗೆ ಹಾಕಿ, ಗಿರಾಕಿಯ ಹೆಸರು ಬರೆದು, ಬಿಲ್ಲಿನ ಜೊತೆ ಕೈಗೆ ಕೊಡಿ. ನಾನು ಹಾಗೇ ಮಾಡುತ್ತೇನೆ, ಅದಕ್ಕೆ ಎರಡು ನಿಮಿಷವೂ ಬೇಕಾಗುವುದಿಲ್ಲ. ಗಿರಾಕಿಗಳೂ ಕೇಳಿ ಪಡೆಯಬೇಕು.

ಡಿಸ್ಕನ್ನು ಬೇರೆಯವರಿಗೆ ಕೊಡುವುದಾದರೆ ಬರೀ ಡಿಲೀಟ್ ಒತ್ತಿದರೆ ಸಾಲದು. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಗಿನ ಪುಟಗಳು ಇದ್ದಲ್ಲೇ ಇರುತ್ತವೆ. ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್' ಅನ್ನುವ ಗುರುತು ತೆಗೆಯಿರಿ. ಆಗ ಅದು ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ. 320 ಜಿಬಿಗೆ ಹಳೇ ಯುಎಸ್‌ಬಿಯಲ್ಲಿ ಮೂರು ಗಂಟೆ ಹಿಡಿಯಿತು. ಹಿಡಿಯಲಿ.

ಪೂರ್ತಿ ಸತ್ತ ಡಿಸ್ಕಿನೊಳಗೂ ಒಂದು ವಸ್ತು ಇದೆ. ಆರು ಮೂಲೆಯ ನಕ್ಷತ್ರದಂಥ ಸ್ಕ್ರೂ ಬಿಚ್ಚಿದರೆ ಮೂಲೆಯಲ್ಲಿ ನಿಯೋಡಿಮಿಯಂ ಅಯಸ್ಕಾಂತ ಸಿಗುತ್ತದೆ. ಉಗುರಿನಗಲ ಇದ್ದರೂ ಎರಡು ಅಯಸ್ಕಾಂತ ಎದುರುಬದುರು ಸಿಕ್ಕರೆ ಚರ್ಮ ಜಜ್ಜಿಬಿಡುತ್ತವೆ. ಪಕ್ಕದ ಟೈಲರಮ್ಮನಿಗೆ ಒಂದನ್ನು ಕಡ್ಡಿಗೆ ಅಂಟಿಸಿ ಕೊಟ್ಟೆ. ಸಂಜೆ ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಅದರಲ್ಲೇ ಆರಿಸುತ್ತಾರೆ. ಒಳಗಿನ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತದೆ ಅಂತ ಮಕ್ಕಳು ಬಗ್ಗಿಸಲು ನೋಡುತ್ತಾರೆ. ಬೇಡ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಅದು ಹೆಚ್ಚಾಗಿ ಗಾಜು, ಚೂರುಚೂರಾಗಿ ಸಿಡಿಯುತ್ತದೆ. ಉಳಿದ ಬೋರ್ಡು, ಲೋಹ ನೋಂದಾಯಿತ ಇ-ತ್ಯಾಜ್ಯ ಕೇಂದ್ರಕ್ಕೆ ಹೋಗಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮದಲ್ಲಿ ಮರುಬಳಕೆಗೆ ಸಿದ್ಧ ಮಾಡಿಕೊಡುವವರಿಗೂ ಜಾಗ ಇದೆ. ಆದರೆ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಲು ನಮಗೆ ಯಾವ ನಿಯಮವೂ ಬೇಕಿಲ್ಲ, ಒಂದು ಸ್ಕ್ರೂಡ್ರೈವರ್ ಸಾಕು.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಇದೆ. ಒಂದೊಂದು ಕೇಂದ್ರಕ್ಕೆ ಪರೀಕ್ಷೆ ಮಾಡಿದ ಒಂದೆರಡು ಹಳೇ ಡಿಸ್ಕ್ ಕೊಟ್ಟರೆ ಆ ಊರಿನ ಸೋಬಾನೆ ಪದ, ತಾಳಮದ್ದಳೆ, ಹಿರಿಯರ ಮಾತು ಅಲ್ಲೇ ಕೂಡಿಡಬಹುದು. ಕಿವಿಕ್ಸ್ ಅನ್ನುವ ಪ್ರೋಗ್ರಾಂ ಹಾಕಿದರೆ ಕನ್ನಡ ವಿಕಿಪೀಡಿಯ ಪೂರ್ತಿ ಅದರ ಒಂದು ಮೂಲೆಯಲ್ಲಿ ಕೂರುತ್ತದೆ. ನೆಟ್ ಇಲ್ಲದ ದಿನವೂ ಮಕ್ಕಳು ಓದಬಹುದು. ನಮ್ಮೂರ ಕೇಂದ್ರಕ್ಕೆ ಒಂದು 160 ಜಿಬಿ ಡಿಸ್ಕ್ ಸಿದ್ಧ ಮಾಡಿ ಇಟ್ಟಿದ್ದೇನೆ. ಹಬ್ಬ ಮುಗಿದ ಮೇಲೆ ಹೋಗಿ ಕೊಟ್ಟು, ಬಳಸುವುದು ಹೇಗೆ ಅಂತ ತೋರಿಸಿ ಬರುತ್ತೇನೆ.

ಅಪ್ಪನ ಕ್ಯಾಸೆಟ್ಟಿನಲ್ಲಿ ಇನ್ನು 11 ಉಳಿದಿವೆ. ಟೇಪು ತುಂಡಾದವು, ಒಂದೊಂದನ್ನೇ ಅಂಟಿಸಿ ಓಡಿಸಬೇಕು. ಈ ಚಳಿಗಾಲ ಮುಗಿಯುವುದರೊಳಗೆ ಅವೂ ಡಿಸ್ಕಿಗೆ ಬರುತ್ತವೆ.

ಇಂತಿ,
ಒಬ್ಬ ರೇಡಿಯೊ ರಿಪೇರಿಯವ
ಸಾಗರ, ಶಿವಮೊಗ್ಗ ಜಿಲ್ಲೆ