ದುಡಿಯುವವರ ಬಳಲಿಕೆಗೆ ಡ್ಯೂಟಿಯ ವೇಳೆಯಲ್ಲೇ ಬಿಡುವು ಸಿಗಲಿ

ಮಾನ್ಯ ಸಂಪಾದಕರೇ,

ಹರಪನಹಳ್ಳಿ, ಜಗಳೂರು, ಚನ್ನಗಿರಿ, ರಾಣೆಬೆನ್ನೂರು, ಹೊಳಲ್ಕೆರೆ ಕಡೆಯ ಜನ ಕಾಯಿಲೆ ಬಿದ್ದರೆ ಮೊದಲು ನೆನೆಯುವುದು ದಾವಣಗೆರೆಯನ್ನು. ಇಷ್ಟು ಮಂದಿಯನ್ನು ಹಗಲಿರುಳು ನೋಡಿಕೊಳ್ಳುವ ಶುಶ್ರೂಷಕಿಯರು, ಲ್ಯಾಬ್ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು ಮತ್ತು ಆಶಾ ಕಾರ್ಯಕರ್ತೆಯರು ಒಳಗೊಳಗೇ ಎಷ್ಟು ಬಳಲಿದ್ದಾರೆ ಎಂಬುದನ್ನು ನಮ್ಮ ಊರು ವಿಚಾರಿಸಿದ್ದು ಕಡಿಮೆ. ವಾರ್ಡುಗಳಲ್ಲೇ ಆಯುಷ್ಯ ಕಳೆದ ನಾನು ಈ ಬಗ್ಗೆ ನಾಲ್ಕು ಮಾತು ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಬರ್ನ್‌ಔಟ್ ಎಂದು ಕರೆಯಲಾಗುವ ಈ ಸ್ಥಿತಿಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರೂಡೆನ್‌ಬರ್ಗರ್ 1974ರಲ್ಲಿ ವಿವರಿಸಿದಾಗ ಅವರ ಕಣ್ಣ ಮುಂದಿದ್ದವರು ಉಚಿತ ಚಿಕಿತ್ಸಾಲಯದಲ್ಲಿ ಸೇವಾಭಾವದಿಂದ ದುಡಿಯುತ್ತಿದ್ದವರೇ. ಮೈಗಳ್ಳರಿಗಿಂತ ಹೆಚ್ಚಾಗಿ, ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡವರನ್ನೇ ಇದು ಹಿಡಿಯುತ್ತದೆ ಎಂಬುದು ನಾನು ಕಂಡುಕೊಂಡ ಸತ್ಯವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದನ್ನು ರೋಗಗಳ ಪಟ್ಟಿಗೆ ಸೇರಿಸಿಲ್ಲ. ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಒತ್ತಡದ ಪರಿಣಾಮವೆಂದು ಹೇಳಿದೆ. ಅಂದರೆ ಬಳಲಿದವರ ಮನೋಬಲವನ್ನು ಅಳೆಯುವ ಮೊದಲು ಅವರ ಡ್ಯೂಟಿ ಪಟ್ಟಿಯನ್ನು ಬಿಡಿಸಿ ನೋಡಬೇಕು.

ಇದರ ಗುರುತುಗಳು ಮುಖ್ಯವಾಗಿ ಮೂರು. ಒಂದು ದಿನದ ರಜೆಗಾಗಲೀ ರಾತ್ರಿಯ ನಿದ್ರೆಗಾಗಲೀ ಬಗ್ಗದ ಆಯಾಸ ಮೊದಲನೆಯದು. ಏನು ಮಾಡಿದರೂ ಪ್ರಯೋಜನವಿಲ್ಲ, ತನ್ನಿಂದ ಯಾರಿಗೂ ಉಪಯೋಗವಿಲ್ಲ ಎನ್ನಿಸುವುದು ಇನ್ನೊಂದು. ಇವೆರಡರ ನಡುವೆ ಸದ್ದಿಲ್ಲದೆ ಬೆಳೆಯುವುದು ಕೆಲಸದ ಮೇಲಿನ, ಜನರ ಮೇಲಿನ ಅನಾದರ; ಇದನ್ನು ಗುರುತಿಸುವುದೇ ಕಷ್ಟ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಸಿಸ್ಟರ್ ಪ್ರತಿ ಮಂಚದ ಬಳಿ ನಿಂತು ‘ರಾತ್ರಿ ನಿದ್ದೆ ಬಂತಾ ಅಜ್ಜಿ, ಗಂಜಿ ಕುಡಿದ್ರಾ’ ಎಂದು ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ಸಾಲು ಸಾಲು ಡಬಲ್ ಡ್ಯೂಟಿಗಳ ನಂತರ ಪಾಳಿ ಬದಲಾಗುವಾಗ ಮುಂದಿನವರಿಗೆ ಕೆಲಸ ಒಪ್ಪಿಸುವ ಅವರ ಹ್ಯಾಂಡೋವರ್ ಮಾತಿನಲ್ಲಿ ಅಜ್ಜಿ ‘ಏಳನೇ ಬೆಡ್’ ಆಗಿಬಿಟ್ಟರು. ಡ್ರಿಪ್ ಯಾವಾಗ ಮುಗಿಯುತ್ತದೆಂದು ಕೇಳಿದ ಮಗಳ ಮೇಲೆ ರೇಗಿದ ಅದೇ ಸಿಸ್ಟರ್ ಆಮೇಲೆ ಸ್ಟೋರ್ ರೂಮಿನ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಿದ್ದನ್ನು ಬೇರೆ ಯಾರೂ ನೋಡಲಿಲ್ಲ. ರೋಗಿಯ ಕಡೆಯವರಿಂದ ದೂರು ಬಂತು, ನೋಟಿಸ್ ಕೈಗೆ ಬಂತು. ಆದರೆ ಎಷ್ಟು ವಾರಗಳಿಂದ ವೀಕ್ಲಿ ಆಫ್ ಸಿಕ್ಕಿಲ್ಲವೆಂದು ಯಾರೂ ಕೇಳಲಿಲ್ಲ.

ಇಂಥ ಲಕ್ಷಣ ಕಂಡವರು ಮೊದಲು ವೈದ್ಯರನ್ನು ಕಾಣಬೇಕೆಂದು ಒತ್ತಿ ಹೇಳುತ್ತೇನೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆಗಳೂ ಹೀಗೆಯೇ ಸುಸ್ತು ಮಾಡುತ್ತವೆ. ಒಂದು ರಕ್ತಪರೀಕ್ಷೆ ಎಷ್ಟೋ ಗೊಂದಲವನ್ನು ಬಗೆಹರಿಸುತ್ತದೆ. ಬೇಸರವು ಕೆಲಸದ ಜಾಗದಲ್ಲೇ ನಿಲ್ಲದೆ ಮನೆ, ಮಕ್ಕಳು, ಹಬ್ಬ, ಊಟ ಎಲ್ಲವನ್ನೂ ಆವರಿಸಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಬದುಕೇ ಬೇಡವೆಂಬ ಯೋಚನೆ ಬಂದವರು ಒಂದು ಗಳಿಗೆಯೂ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ದಣಿವಾರಿಸುವ ವಿಧಾನಗಳು. ಇವುಗಳಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲಾರ್ಧದಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ಅಭ್ಯಾಸ ನನಗೆ ಹೆಚ್ಚು ಮೆಚ್ಚು, ಏಕೆಂದರೆ ಇದಕ್ಕೆ ಚಾಪೆಯೂ ಬೇಡ, ಬಟ್ಟೆ ಬದಲಿಸುವುದೂ ಬೇಡ. ಕುರ್ಚಿಯಲ್ಲಿ ಒರಗಿ ಕುಳಿತು ಬಲಗೈ ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಯಾಗಿ ಹಿಡಿದು, ಥಟ್ಟನೆ ಬಿಟ್ಟು, ಬೆರಳುಗಳಿಗೆ ಹರಿದು ಬರುವ ಬಿಸುಪನ್ನು ಅರ್ಧ ನಿಮಿಷ ಸುಮ್ಮನೆ ಗಮನಿಸಬೇಕು. ಆಮೇಲೆ ಎಡಗೈ, ಭುಜ, ಹಣೆ, ದವಡೆ, ಹೊಟ್ಟೆ, ಮೀನಖಂಡ ಹೀಗೆ ಒಂದೊಂದೇ ಭಾಗ. ನೈಟ್ ಡ್ಯೂಟಿ ಮುಗಿಸಿದವರು ದವಡೆಗೆ ಬಂದಾಗ, ರಾತ್ರಿಯಿಡೀ ಹಲ್ಲು ಕಚ್ಚಿಕೊಂಡೇ ಇದ್ದೆನೆಂದು ತಾವೇ ಅಚ್ಚರಿಪಡುವುದನ್ನು ಕಂಡಿದ್ದೇನೆ. ಉಸಿರಿನ ಅಭ್ಯಾಸವೂ ಅಷ್ಟೇ ಸರಳ. ಒಳಕ್ಕೆ ಎಳೆದುದಕ್ಕಿಂತ ನಿಧಾನವಾಗಿ ಹೊರಕ್ಕೆ ಬಿಡಬೇಕು. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವ ಭ್ರಾಮರಿಯನ್ನೂ, ಮಲಗಿ ಮೈಮನ ಸಡಿಲಿಸುವ ಯೋಗನಿದ್ರೆಯನ್ನೂ ಬಲ್ಲವರಿಂದ ಕಲಿಯಬಹುದು. ರಕ್ತದೊತ್ತಡ ಇರುವವರು, ಗರ್ಭಿಣಿಯರು ರಭಸದಿಂದ ಉಸಿರು ಹೊರಹಾಕುವ ಕಪಾಲಭಾತಿಯ ಗೊಡವೆಗೆ ಹೋಗದಿರುವುದು ಒಳಿತು. ಕಣ್ಣು ಮುಚ್ಚಿ ಕುಳಿತರೆ ಕೆಲವರಿಗೆ ಗಾಬರಿ ಹೆಚ್ಚುತ್ತದೆ, ಅಂಥವರು ಬೆಳಗಿನ ಹೊತ್ತು ಕುಂದವಾಡ ಕೆರೆಯ ಏರಿಯ ಮೇಲೆ ನಡೆದು ಬಂದರೂ ಆದೀತು.

ಎಣ್ಣೆ ಮಾಲೀಶು, ಸುಗಂಧ ತೈಲ, ಸಂಗೀತ ಇವುಗಳಿಂದ ಹಿತವೆನ್ನಿಸುವುದು ನಿಜ, ಹಾಗೆಂದು ಬರ್ನ್‌ಔಟ್ ವಾಸಿಮಾಡುತ್ತೇವೆಂದು ದುಬಾರಿ ಪ್ಯಾಕೇಜ್ ಮಾರುವವರನ್ನು ನಂಬಬಾರದು. ಅಶ್ವಗಂಧದ ವಿಷಯದಲ್ಲಂತೂ ನನಗೆ ಆತಂಕವಿದೆ. ಗಿಡಮೂಲಿಕೆ ತಾನೇ ಎಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದು ಗರ್ಭಿಣಿಯರಿಗೆ ಸಲ್ಲದು, ಥೈರಾಯ್ಡ್ ಮತ್ತು ನಿದ್ರೆಯ ಮಾತ್ರೆಗಳ ಪರಿಣಾಮವನ್ನು ಏರುಪೇರು ಮಾಡಬಲ್ಲದು, ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಇಂಥವುಗಳ ಮೊರೆ ಹೋಗುವುದು ಇನ್ನೂ ಅಪಾಯ.

ನನ್ನ ಮುಖ್ಯ ಕಳಕಳಿ ಇರುವುದು ಬೇರೆ ಕಡೆ. ಒತ್ತಡ ನಿವಾರಣೆಯ ಶಿಬಿರಗಳು ಈಗ ಅಲ್ಲಲ್ಲಿ ನಡೆಯುತ್ತಿವೆ, ಸಂತೋಷ. ಆದರೆ ನಾನು ಬಲ್ಲ ಒಂದು ಸಂಸ್ಥೆಯಲ್ಲಿ ರಾತ್ರಿಯೆಲ್ಲ ಎದ್ದಿದ್ದ ಸಿಬ್ಬಂದಿಯನ್ನು ಬೆಳಗ್ಗೆ ಮನೆಗೆ ಬಿಡದೆ ಸಭಾಂಗಣದಲ್ಲಿ ಕೂರಿಸಿ, ಹಾಜರಿ ಸಹಿ ಪಡೆದು, ಫೋಟೊ ತೆಗೆಸಿ, ಪ್ರಾಣಾಯಾಮ ಹೇಳಿಕೊಡಲಾಯಿತು. ಎಳೆಗೂಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ತಾಯಿ ಆ ಹೊತ್ತಿನಲ್ಲಿ ಯಾವ ಉಸಿರನ್ನು ಗಮನಿಸಿಯಾಳು? ನಿದ್ರೆಯ ಸಮಯವನ್ನು ಕಸಿದು ವಿಶ್ರಾಂತಿಯ ಪಾಠ ಹೇಳುವುದು ಅನ್ಯಾಯ.

ಆದ್ದರಿಂದ ಜಿಲ್ಲೆಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಆಡಳಿತದವರಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಪಾಳಿಯಲ್ಲೂ ಡ್ಯೂಟಿಯ ಅವಧಿಯೊಳಗೇ ಇಪ್ಪತ್ತು ನಿಮಿಷದ ಬಿಡುವನ್ನು, ಬದಲಿ ಸಿಬ್ಬಂದಿಯ ಹೆಸರಿನ ಸಮೇತ ಪಟ್ಟಿಯಲ್ಲಿ ಬರೆದಿಡಲಿ. ವೀಕ್ಲಿ ಆಫ್ ರದ್ದಾದರೆ ಅದೇ ಪಾಕ್ಷಿಕದಲ್ಲಿ ಮರಳಿ ಸಿಗಲಿ. ನೈಟ್ ಡ್ಯೂಟಿ ಮುಗಿಸಿದವರನ್ನು ಯಾವ ಸಭೆಗೂ, ಶಿಬಿರಕ್ಕೂ ನಿಲ್ಲಿಸಿಕೊಳ್ಳದಿರಲಿ. ಸಹಾಯವಾಣಿಯ ಸಂಖ್ಯೆಯನ್ನು ರೋಗಿಗಳ ವಾರ್ಡಿನಲ್ಲಷ್ಟೇ ಅಲ್ಲದೆ ಸಿಬ್ಬಂದಿ ಬಟ್ಟೆ ಬದಲಿಸುವ ಕೋಣೆಯಲ್ಲೂ ಅಂಟಿಸಲಿ.

– ನಿವೃತ್ತ ಶುಶ್ರೂಷಾಧಿಕಾರಿ, ವಿದ್ಯಾನಗರ, ದಾವಣಗೆರೆ